ಸಂಶೋಧನೆಯ ಭಂಡಾರ ಮತ್ತು ದಾಸೋಹದ ಧರ್ಮ

ವಚನಸಾಹಿತ್ಯವನ್ನು ಕುರಿತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾದ ಪಿಎಚ್.ಡಿ. ಮಹಾಪ್ರಬಂಧಗಳ ಸಂಖ್ಯೆ ಅಲ್ಪವಾದುದಲ್ಲ. ಅವುಗಳಲ್ಲಿ ಪುಸ್ತಕರೂಪ ತಾಳಿ ಓದುಗರ ಕೈಸೇರಿದವು ಕೆಲವು; ಬೆರಳಚ್ಚಿನ ಪ್ರತಿಗಳಾಗಿ ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿದುಬಿಟ್ಟವು ಅನೇಕ. ಈಗ ಸನ್ನಿವೇಶ ಬದಲಾಗಿದೆ. ಪದವಿಗೆಂದು ಬರೆದ ಪ್ರಬಂಧವನ್ನು ಅಂತರಜಾಲದ ಮುಕ್ತ ಭಂಡಾರವೊಂದಕ್ಕೆ ಒಪ್ಪಿಸಬೇಕೆಂಬ ನಿಯಮ ಬಂದಿದೆ. ಮನೆಯಲ್ಲಿಯೇ ಕುಳಿತು, ಕಾಸು ಕೊಡದೆ, ಯಾರ ಅನುಮತಿಯನ್ನೂ ಬೇಡದೆ ಅದನ್ನು ಓದಬಹುದಾಗಿದೆ. ಇದು ಗ್ರಂಥಪಾಲಕರಿಗೆ ಸಂಬಂಧಿಸಿದ ವಿಷಯ, ಭಕ್ತರಿಗೂ ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ಆ ಪ್ರಶ್ನೆಗೆ ಉತ್ತರ ಕಾಣುವುದೂ, ಈ ಹೊಸ ವ್ಯವಸ್ಥೆಯ ಗುಣದೋಷಗಳನ್ನು ನಮ್ಮ ಪರಂಪರೆಯ ಒರೆಗಲ್ಲಿಗೆ ಹಚ್ಚಿ ನೋಡುವುದೂ ಪ್ರಸ್ತುತ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ಪ್ರಬಂಧವನ್ನು ಭಂಡಾರಕ್ಕೆ ಒಪ್ಪಿಸಿದ ಮಾತ್ರಕ್ಕೆ ಅದು ದಾಸೋಹವಾಗುವುದಿಲ್ಲ. ಕನ್ನಡದಲ್ಲಿ ಹುಡುಕಿದರೆ ಸಿಗುವಂತೆ, ಸಿಕ್ಕರೆ ಓದಲು ಬರುವಂತೆ, ಓದಿದರೆ ಆಕರವನ್ನು ಪರೀಕ್ಷಿಸಲು ಸಾಧ್ಯವಾಗುವಂತೆ ಒಪ್ಪಿಸಿದಾಗಲೇ ಅದು ದಾಸೋಹ.

ಭಂಡಾರಿಯ ಕಾಯಕ

'ಭಂಡಾರ' ಎಂಬ ಶಬ್ದ ನಮಗೆ ಹೊಸತಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದುದು ಸರ್ವವಿದಿತ. ರಾಜಭಂಡಾರದ ದ್ರವ್ಯವನ್ನು ಜಂಗಮದಾಸೋಹಕ್ಕೆ ವ್ಯಯಿಸುತ್ತಿದ್ದಾರೆಂದು ಚಾಡಿ ಹೇಳಿದವರ ಮಾತು ಕೇಳಿ ಅರಸನು ಲೆಕ್ಕ ಕೇಳಿದಾಗ, ಬಸವಣ್ಣನವರು ಭಂಡಾರವನ್ನು ತೆರೆದು ತೋರಿಸಿದರೆಂದೂ, ಎಣಿಸಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದೂ ಬಸವಪುರಾಣದ ಕಥೆ. ಇದರಲ್ಲಿ ಭಕ್ತರು ಪವಾಡವನ್ನು ಕಾಣುತ್ತಾರೆ, ಕಾಣಲಿ. ಆದರೆ ಅದರೊಳಗೆ ಅಡಗಿರುವ ಲೌಕಿಕ ಧರ್ಮವನ್ನೂ ಗಮನಿಸಬೇಕು. ಭಂಡಾರಿಯೆಂದರೆ ಬಾಗಿಲಿಗೆ ಬೀಗ ಜಡಿದು ಕೂಡುವವನಲ್ಲ. ಯಾರು ಯಾವಾಗ ಕೇಳಿದರೂ ಬಾಗಿಲು ತೆರೆದು ಲೆಕ್ಕ ಒಪ್ಪಿಸಬಲ್ಲವನು.

ಇದಕ್ಕಿಂತಲೂ ಹತ್ತಿರದ ನಿದರ್ಶನ ಶಾಂತರಸ ಶರಣರದು. ಕಲ್ಯಾಣದಲ್ಲಿ ಶರಣರ ವಚನಗಳನ್ನು ಸಂಗ್ರಹಿಸಿ ಕಾಪಾಡುವುದೇ ಇವರ ಕಾಯಕವಾಗಿತ್ತೆಂದು ಪರಂಪರೆ ಹೇಳುತ್ತದೆ. 'ವಚನಭಂಡಾರಿ' ಎಂಬುದು ಅವರ ಹೆಸರಿನೊಡನೆಯೇ ಸೇರಿಹೋದ ವಿಶೇಷಣ. ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ದೋಣಿ ನಡೆಸುವುದು ಇವು ಹೇಗೆ ಕಾಯಕಗಳೋ ಹಾಗೆಯೇ ಅನ್ಯರ ಅನುಭಾವದ ನುಡಿಗಳನ್ನು ಕೆಡದಂತೆ ಕೂಡಿಡುವುದೂ ಒಂದು ಕಾಯಕವೆಂದು ಶರಣಸಮಾಜ ಮನ್ನಿಸಿತ್ತು ಎಂಬುದಕ್ಕೆ ಈ ಹೆಸರೇ ಸಾಕ್ಷಿ. ಇಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಪ್ರಬಂಧಗಳನ್ನು ಭಂಡಾರಕ್ಕೆ ಏರಿಸುವ ಸಿಬ್ಬಂದಿಯವರು ತಮ್ಮನ್ನು ಗುಮಾಸ್ತರೆಂದು ಭಾವಿಸಬೇಕಾಗಿಲ್ಲ. ಅವರು ಶಾಂತರಸರ ಸಾಲಿನವರು.

ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂಬುದು ಶರಣರ ನಿಲುವು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಸತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದುಬರುವಂತೆ ಕಳುಹಿದ ಪ್ರಸಂಗ ಎಲ್ಲರೂ ಬಲ್ಲುದು. ಈ ದೃಷ್ಟಿಯನ್ನು ಸಂಶೋಧನೆಗೆ ಅನ್ವಯಿಸಿ ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ಸಂಶೋಧಕನ ಶಿಷ್ಯವೇತನ, ಮಾರ್ಗದರ್ಶಕರ ಸಂಬಳ, ಗ್ರಂಥಾಲಯದ ಪುಸ್ತಕ, ಹಸ್ತಪ್ರತಿ ಭಾಂಡಾರದ ಕಟ್ಟಡ ಇವೆಲ್ಲ ಜನರ ತೆರಿಗೆಯಿಂದ ನಡೆಯುವಂಥವು. ಇದರ ಫಲವಾಗಿ ಬಂದ ಪದವಿ ಸಂಶೋಧಕನ ಪಾಲು. ಬಂದ ಅರಿವು ಸಮುದಾಯದ ಪಾಲು. ಎರಡನ್ನೂ ತನ್ನ ಮನೆಗೇ ಒಯ್ದವನು ಲಕ್ಕಮ್ಮನ ಮುಂದೆ ನಿಲ್ಲಲಾರನು.

ಎರಡನೆಯ ಅಜ್ಞಾತವಾಸ

ಕಲ್ಯಾಣದ ಕ್ರಾಂತಿಯ ಅನಂತರ ವಚನದ ಕಟ್ಟುಗಳು ಶರಣರೊಡನೆ ಚದುರಿಹೋದವು. ವಿಜಯನಗರದ ಕಾಲದಲ್ಲಿ ಅವುಗಳ ಸಂಗ್ರಹ ಸಂಕಲನಗಳ ಕಾರ್ಯ ನಡೆದು ಶೂನ್ಯಸಂಪಾದನೆಯಂಥ ಮಹಾಕೃತಿಗಳು ಹುಟ್ಟಿದವು. ಮತ್ತೆ ಕೆಲವು ಶತಮಾನಗಳ ಮೇಲೆ ಓಲೆಗಳು ಮಠಗಳ ಮೂಲೆಗಳಲ್ಲಿಯೂ ಮನೆಗಳ ಜಗುಲಿಗಳ ಮೇಲೂ ಉಳಿದುಕೊಂಡವು. ಅವುಗಳಿಗೆ ಪೂಜೆ ಸಲ್ಲುತ್ತಿತ್ತು, ಓದು ಸಲ್ಲುತ್ತಿರಲಿಲ್ಲ. ವಿಭೂತಿ ಧರಿಸಿ ಪತ್ರೆ ಪುಷ್ಪಗಳ ಕೆಳಗೆ ಕುಳಿತ ಆ ಕಟ್ಟುಗಳನ್ನು ಬಿಚ್ಚಿಸಿದವರಲ್ಲಿ ಅಗ್ರಗಣ್ಯರು ಡಾ. ಫ. ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲಿ ವೃತ್ತಿ ಮಾಡುತ್ತ ಊರೂರು ತಿರುಗಿ ಓಲೆಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿ ನಡೆಸುವುದಕ್ಕಾಗಿ ತಮ್ಮ ಆಸ್ತಿಯನ್ನೆಲ್ಲ ಸವೆಸಿದರು. ಅವರು ಮಾಡಿದ ಮುಖ್ಯ ಕೆಲಸ ಒಂದೇ: ಒಬ್ಬರ ಮನೆಯಲ್ಲಿದ್ದುದನ್ನು ಎಲ್ಲರ ಮನೆಗೆ ಮುಟ್ಟಿಸಿದುದು.

ಅವರ ಅನಂತರ ವಿಶ್ವವಿದ್ಯಾಲಯಗಳು ಈ ಹೊರೆಯನ್ನು ಹೊತ್ತವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರ ಅವಧಿಯಲ್ಲಿ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಪ್ರಕಟಿಸಿತು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 'ಸಮಗ್ರ ವಚನ ಸಂಪುಟ'ದ 15 ಸಂಪುಟಗಳನ್ನು 1993ರಲ್ಲಿ ಹೊರತಂದಿತು. ಇವು ಹೆಮ್ಮೆಯ ಸಂಗತಿಗಳು. ಆದರೆ ಇದೇ ಕಾಲದಲ್ಲಿ ಇನ್ನೊಂದು ವಿಪರ್ಯಾಸವೂ ನಡೆಯಿತು. ವಚನಗಳು ಬೆಳಕಿಗೆ ಬಂದವು. ವಚನಗಳ ಮೇಲಣ ಸಂಶೋಧನೆ ಕತ್ತಲೆಗೆ ಸರಿಯಿತು. ಒಬ್ಬೊಬ್ಬ ಅಭ್ಯರ್ಥಿಯೂ ನಾಲ್ಕಾರು ವರ್ಷ ದುಡಿದು ಬರೆದ ಪ್ರಬಂಧದ ಕೆಲವೇ ಪ್ರತಿಗಳು ಸಿದ್ಧವಾಗುತ್ತಿದ್ದವು. ಪರೀಕ್ಷಕರಿಗೆ ಹೋದವು ಹೋಗಿ, ಉಳಿದ ಒಂದೆರಡು ವಿಶ್ವವಿದ್ಯಾಲಯದಲ್ಲಿ ನೆಲೆಸುತ್ತಿದ್ದವು. ಅವನ್ನು ನೋಡಬೇಕಾದರೆ ಆ ಊರಿಗೆ ಹೋಗಬೇಕು, ಪರಿಚಯಪತ್ರ ಒಯ್ಯಬೇಕು, ಅಲ್ಲಿಯೇ ಕುಳಿತು ಕೈಯಿಂದ ಟಿಪ್ಪಣಿ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯದ ಗುರುತಿನ ಚೀಟಿಯಿಲ್ಲದ ಹಳ್ಳಿಯ ಶಿಕ್ಷಕನಿಗೆ, ಮಠದ ಮರಿಗೆ, ಪ್ರವಚನಕಾರನಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ಓಲೆಗೆ ಪೂಜೆಯಾದರೂ ಸಲ್ಲುತ್ತಿತ್ತು. ಪ್ರಬಂಧಕ್ಕೆ ಅದೂ ಇಲ್ಲ, ಬರಿಯ ಧೂಳು. ಇದನ್ನು ವಚನಾಧ್ಯಯನದ ಎರಡನೆಯ ಅಜ್ಞಾತವಾಸವೆಂದರೆ ತಪ್ಪಾಗದು.

ಇದರ ದುಷ್ಪರಿಣಾಮ ಎರಡು ಬಗೆಯದು. ಹಿಂದೆ ಆದ ಕೆಲಸ ತಿಳಿಯದೆ ಅದೇ ವಿಷಯವನ್ನು ಅದೇ ಅಧ್ಯಾಯಗಳಲ್ಲಿ ಮತ್ತೊಬ್ಬರು ಬರೆಯುವುದು ಒಂದು. ಯಾರೂ ಓದಲಾರರೆಂಬ ಧೈರ್ಯದಿಂದ ಶಿಥಿಲವಾದ ಮಾತುಗಳನ್ನೂ, ಅನ್ಯರ ಮಾತುಗಳನ್ನೂ ನಿರ್ಭಯವಾಗಿ ಸೇರಿಸುವುದು ಮತ್ತೊಂದು. ಕತ್ತಲೆಯಲ್ಲಿ ಮಾಡಿದ ತೂಕಕ್ಕೆ ತಕ್ಕಡಿ ಸಾಕ್ಷಿಯಾಗುವುದಿಲ್ಲ.

ಶೋಧಗಂಗೆಯ ಅವತರಣ

ಈ ಬಾಗಿಲನ್ನು ತೆರೆಯುವ ಆಲೋಚನೆ ಜಗತ್ತಿನ ಹಲವೆಡೆ ಏಕಕಾಲಕ್ಕೆ ಮೂಡಿತು. 1991ರಲ್ಲಿ ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ತನ್ನ ಕ್ಷೇತ್ರದ ಲೇಖನಗಳಿಗಾಗಿ ಮುಕ್ತ ಭಂಡಾರವೊಂದನ್ನು ಆರಂಭಿಸಿದನು. ವಿದ್ವತ್ತಿನ ಬರಹ ಎಲ್ಲರಿಗೂ ನಿರ್ಬಂಧವಿಲ್ಲದೆ ದೊರೆಯಬೇಕೆಂಬ ಘೋಷಣೆ 2002ರಲ್ಲಿ ಬುಡಾಪೆಸ್ಟಿನಿಂದ ಹೊರಟಿತು. ಲೇಖಕನು ತನ್ನ ಲೇಖನವನ್ನು ತಾನೇ ಭಂಡಾರಕ್ಕೆ ಒಪ್ಪಿಸುವುದು, ಮುಕ್ತ ಪತ್ರಿಕೆಗಳನ್ನು ನಡೆಸುವುದು ಎಂಬ ಎರಡು ದಾರಿಗಳನ್ನು ಅದು ಸೂಚಿಸಿತು. ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯವೆಂದರೆ, ನಮ್ಮ ನಾಡು ಇದರಲ್ಲಿ ಹಿಂದುಳಿಯಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಡಾ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಗ್ರಂಥಾಲಯವಾಗಿ 'ವಿದ್ಯಾನಿಧಿ' ಯೋಜನೆ 2000ದಲ್ಲಿಯೇ ಮೊದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ವಿಜ್ಞಾನಿಗಳ ಲೇಖನಗಳಿಗೆ ಭಂಡಾರ ತೆರೆಯಿತು. ಭಾರತದ ಸಾಂಸ್ಥಿಕ ಭಂಡಾರಗಳಲ್ಲಿ ಅದು ಮೊದಮೊದಲಿನವುಗಳಲ್ಲೊಂದು.

ಅನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ನಿಯಮಾವಳಿ ರೂಪಿಸಿ, ಪದವಿ ಘೋಷಣೆಯಾದ 30 ದಿನಗಳೊಳಗೆ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದಕ್ಕಾಗಿ ನಡೆಸುತ್ತಿರುವ ಭಂಡಾರವೇ 'ಶೋಧಗಂಗಾ'. 2016ರ ನಿಯಮಾವಳಿ ಇನ್ನೂ ಬಿಗಿಯಾಗಿ, ಪದವಿ ಘೋಷಣೆಗೆ ಮೊದಲೇ ಪ್ರತಿ ಸಲ್ಲಬೇಕೆಂದಿತು. ಕೃತಿಚೌರ್ಯವನ್ನು ತಡೆಯಲು ಬಂದ 2018ರ ನಿಯಮಾವಳಿಯು ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯೂ ತನ್ನದೇ ಆದ ಭಂಡಾರವನ್ನು ಸ್ಥಾಪಿಸಿ ಪ್ರಬಂಧ, ಲೇಖನ, ಪ್ರಕಟಣೆಗಳನ್ನು ಅದರಲ್ಲಿ ಇಡಬೇಕೆಂದು ಹೇಳಿತು.

ಶೋಧಗಂಗೆಯ ಕಾರ್ಯವಿಧಾನ ಕ್ಲಿಷ್ಟವಾದುದಲ್ಲ. ಪ್ರಬಂಧದ ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿ ಏರುತ್ತವೆ. ಶೀರ್ಷಿಕೆ, ಸಂಶೋಧಕ, ಮಾರ್ಗದರ್ಶಕ, ವಿಭಾಗ, ವರ್ಷ, ವಿಷಯಪದಗಳು ಇವುಗಳ ವಿವರಸೂಚಿಯೊಂದು ಅದರೊಡನೆ ಸೇರುತ್ತದೆ. ಪ್ರತಿಯೊಂದು ಪ್ರಬಂಧಕ್ಕೂ 10603 ಎಂಬ ಅಂಕೆಯಿಂದ ಮೊದಲಾಗುವ ಶಾಶ್ವತ ಸಂಖ್ಯೆಯೊಂದು ದೊರೆಯುತ್ತದೆ. ಯಂತ್ರ ಬದಲಾದರೂ ಸ್ಥಳ ಬದಲಾದರೂ ಆ ಸಂಖ್ಯೆ ಬದಲಾಗದಿರಬೇಕೆಂಬುದು ಅದರ ಉದ್ದೇಶ. ಹಸ್ತಪ್ರತಿಯ ಕ್ರಮಾಂಕವನ್ನು ಅಡಿಟಿಪ್ಪಣಿಯಲ್ಲಿ ಕೊಡುವಂತೆ ಇದನ್ನೂ ಕೊಡಬಹುದು. ವಿವರಸೂಚಿಯೇ ಈ ವ್ಯವಸ್ಥೆಯ ಜೀವಾಳ. ಹುಡುಕುವವನು ಮೊದಲು ಮುಟ್ಟುವುದು ಅದನ್ನೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ವಿಮರ್ಶೆಗೆ ಬರಬೇಕು.

ತುಂಬಿದ ಹಗೇವು, ಕಾಣದ ಬಾಯಿ

ನಮ್ಮ ಕಡೆಯ ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಮಣ್ಣು ಎಳೆಯುತ್ತಿದ್ದರು. ಬಾಯಿಯ ಗುರುತು ತಪ್ಪಿದರೆ ಕಾಳು ಇದ್ದೂ ಮನೆಯವರು ಉಪವಾಸ. ಶೋಧಗಂಗೆಯಲ್ಲಿರುವ ಕನ್ನಡ ಪ್ರಬಂಧಗಳನ್ನು ನೋಡುವಾಗ ಈ ಹಗೇವಿನ ನೆನಪಾಗುತ್ತದೆ. ಮುಖ್ಯವಾಗಿ ಮೂರು ಕೊರತೆಗಳು ಕಾಣುತ್ತವೆ.

ಮೊದಲನೆಯದು ಹೆಸರಿನ ಕೊರತೆ. ಕನ್ನಡದಲ್ಲಿಯೇ ಬರೆದ ಎಷ್ಟೋ ಪ್ರಬಂಧಗಳ ವಿವರಸೂಚಿ ರೋಮನ್ ಲಿಪಿಯಲ್ಲಿದೆ. ಕನ್ನಡವನ್ನು ರೋಮನ್ ಲಿಪಿಗೆ ತರುವಾಗ ಒಬ್ಬೊಬ್ಬರದು ಒಂದೊಂದು ದಾರಿ. 'ವಚನ'ದ ಚಕಾರಕ್ಕೆ ಕೆಲವರು ಒಂದಕ್ಷರ ಬರೆದರೆ ಕೆಲವರು ಎರಡು ಬರೆಯುತ್ತಾರೆ. 'ವೀರಶೈವ'ದಲ್ಲಿ ದೀರ್ಘ ಈಕಾರಕ್ಕೆ ಎರಡು ರೂಪ, ಶಕಾರಕ್ಕೆ ಎರಡು ರೂಪ, ವಕಾರಕ್ಕೆ ಮತ್ತೆರಡು. ಇವು ಪರಸ್ಪರ ಸೇರಿದಾಗ ಒಂದೇ ಶಬ್ದ ಹಲವು ವೇಷ ತೊಟ್ಟು ನಿಲ್ಲುತ್ತದೆ. ಒಂದು ವೇಷದಲ್ಲಿ ಹುಡುಕಿದವನಿಗೆ ಇನ್ನೊಂದು ವೇಷದ್ದು ಸಿಗುವುದಿಲ್ಲ. ಅಕ್ಕಮಹಾದೇವಿಯ ಹೆಸರನ್ನು ಕೂಡಿಸಿ, ಬಿಡಿಸಿ, 'ಮಹಾದೇವಿಯಕ್ಕ'ನೆಂದು ತಿರುಗಿಸಿ ಬರೆಯುವ ರೂಢಿಗಳನ್ನು ನೆನೆದರೆ ತೊಡಕಿನ ಅರಿವಾಗುತ್ತದೆ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿಯೂ, ಅದರೊಡನೆ ಒಂದು ನಿಶ್ಚಿತ ಕ್ರಮದ ರೋಮನ್ ಲಿಪಿಯಲ್ಲಿಯೂ ಕೊಡುವುದು ಕಷ್ಟದ ಕೆಲಸವಲ್ಲ. ಮಾಡುವ ಮನಸ್ಸು ಬೇಕು.

ಎರಡನೆಯದು ಲಿಪಿಯ ಕೊರತೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡವನ್ನು ಬೆರಳಚ್ಚು ಮಾಡುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಅಂಥ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ರೋಮನ್ ಅಕ್ಷರಗಳ ಅರ್ಥಹೀನ ಸಾಲು. ಅದರಲ್ಲಿ 'ಜಂಗಮ' ಎಂಬ ಪದವನ್ನು ಹುಡುಕಿದರೆ ಒಂದೂ ಸಿಗುವುದಿಲ್ಲ, ಪುಟಪುಟದಲ್ಲಿ ಅದು ಇದ್ದರೂ. ಇನ್ನು ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಏರಿಸಿದವು ಕೇವಲ ಚಿತ್ರಗಳು. ಇದರಿಂದಾಗುವ ಇನ್ನೊಂದು ಹಾನಿಯತ್ತ ವಿದ್ವಾಂಸರ ಗಮನ ಹರಿಯಬೇಕು. ಒಂದು ಪ್ರಬಂಧ ಮತ್ತೊಂದರ ನಕಲು ಹೌದೋ ಅಲ್ಲವೋ ಎಂದು ಪರೀಕ್ಷಿಸಲು ವಿಶ್ವವಿದ್ಯಾಲಯಗಳು ತಂತ್ರಾಂಶಗಳನ್ನು ಬಳಸುತ್ತವೆ. 2018ರ ನಿಯಮದಂತೆ 10 ಪ್ರತಿಶತದವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ; ಮೂಲವನ್ನು ಹೆಸರಿಸಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಕ್ಷರವನ್ನೇ ಗುರುತಿಸಲಾಗದ ಕಡತದೊಡನೆ ಯಂತ್ರ ಯಾವ ಹೋಲಿಕೆಯನ್ನು ಮಾಡೀತು? ಕನ್ನಡದ ಹಳೆಯ ಪ್ರಬಂಧವೊಂದನ್ನು ಅಧ್ಯಾಯಸಹಿತ ಎತ್ತಿ ಬರೆದವನೂ ಆ ಪರೀಕ್ಷೆಯಲ್ಲಿ ನಿರ್ದೋಷಿಯಾಗಿ ಹೊರಬರಬಹುದು. ಪಿಡಿಎಫ್ ಕಡತದೊಡನೆ ಯೂನಿಕೋಡಿನಲ್ಲಿರುವ ಸರಳ ಪಠ್ಯಕಡತವೊಂದನ್ನೂ ಪಡೆಯಬೇಕೆಂಬ ನಿಯಮ ಮಾಡಿದರೆ ಈ ಕೇಡು ಬಹುಮಟ್ಟಿಗೆ ತಪ್ಪುತ್ತದೆ. ವಚನಗಳ ಮೂಲಪಠ್ಯದ ಮಟ್ಟಿಗೆ ಇದು ಸಾಧ್ಯವೆಂಬುದನ್ನು 'ವಚನ ಸಂಚಯ' ಈಗಾಗಲೇ ತೋರಿಸಿದೆ. ಅಲ್ಲಿ ಒಂದು ಶಬ್ದ ಯಾವ ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಕ್ಷಣದಲ್ಲಿ ತಿಳಿಯುತ್ತದೆ. ಮೂಲಕ್ಕೆ ದೊರೆತ ಸೌಲಭ್ಯ ವ್ಯಾಖ್ಯಾನಕ್ಕೆ ಏಕೆ ದೊರೆಯಬಾರದು?

ಮೂರನೆಯದು ಆಕರದ ಕೊರತೆ. ಇದು ಯಂತ್ರದ್ದಲ್ಲ, ನಮ್ಮದೇ. ವಚನಗಳ ಪಠ್ಯ ಒಂದೇ ಓಲೆಯಿಂದ ಬಂದುದಲ್ಲ. ಹಳಕಟ್ಟಿಯವರ ಪಾಠ, ಶಿ. ಶಿ. ಬಸವನಾಳರ ಪಾಠ, ಎಲ್. ಬಸವರಾಜು ಅವರ ಪಾಠ, ಸಮಗ್ರ ಸಂಪುಟದ ಪಾಠ ಇವುಗಳಲ್ಲಿ ಭೇದಗಳುಂಟು. ಕ್ರಮಸಂಖ್ಯೆಗಳಂತೂ ಬೇರೆ ಬೇರೆ. ಇದರ ಮೇಲೆ ಪ್ರಕ್ಷಿಪ್ತಗಳ ಪ್ರಶ್ನೆ ಇದ್ದೇ ಇದೆ. ಹೀಗಿರುವಾಗ ಕೇವಲ 'ಬಸವಣ್ಣನವರು ಹೇಳುತ್ತಾರೆ' ಎಂದು ವಚನವನ್ನು ಉದ್ಧರಿಸಿ, ಆವೃತ್ತಿಯನ್ನಾಗಲಿ ಸಂಖ್ಯೆಯನ್ನಾಗಲಿ ಕೊಡದೆ ಮುಂದುವರಿಯುವ ಪ್ರಬಂಧಗಳಿವೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂಬ ಇಂಗ್ಲಿಷ್ ಅನುವಾದವನ್ನು ಹೊರತಂದಾಗ, ಬಸವಣ್ಣನವರ ವಚನಗಳಿಗೆ ಬಸವನಾಳರ ಆವೃತ್ತಿಯ ಸಂಖ್ಯೆಗಳನ್ನೇ ಉಳಿಸಿಕೊಂಡರು. ಆದ್ದರಿಂದ ಅನುವಾದವನ್ನು ಒಪ್ಪದವನೂ ಅರೆಗಳಿಗೆಯಲ್ಲಿ ಕನ್ನಡದ ಮೂಲಕ್ಕೆ ಹೋಗಿ ತನ್ನ ಆಕ್ಷೇಪವನ್ನು ಖಚಿತಪಡಿಸಿಕೊಳ್ಳಬಲ್ಲನು. ಇಂಗ್ಲಿಷ್ ಓದುಗರಿಗೆಂದು ಬರೆದ ಪುಸ್ತಕ ತೋರಿದ ಈ ಶಿಸ್ತನ್ನು ಕನ್ನಡದಲ್ಲಿ ಬರೆದ ಪಿಎಚ್.ಡಿ. ಪ್ರಬಂಧ ತೋರದಿದ್ದರೆ ಅದು ಲಜ್ಜೆಯ ವಿಷಯ. ಪ್ರಬಂಧ ಕಪಾಟಿನಲ್ಲಿದ್ದಾಗ ಈ ದೋಷ ಯಾರಿಗೂ ಕಾಣುತ್ತಿರಲಿಲ್ಲ. ಭಂಡಾರ ತೆರೆದ ಮೇಲೆ ಕಾಣುತ್ತಿದೆ. ಕಾಣುವುದೇ ಒಳ್ಳೆಯದು.

ಆಕ್ಷೇಪಗಳ ಪರಾಮರ್ಶೆ

ಭಂಡಾರಕ್ಕೆ ಒಪ್ಪಿಸಲು ಹಿಂಜರಿಯುವವರು ಮೂರು ಆಕ್ಷೇಪಗಳನ್ನು ಹೇಳುತ್ತಾರೆ.

ಪ್ರಬಂಧ ಎಲ್ಲರಿಗೂ ಸಿಕ್ಕರೆ ಕಳವಾಗುತ್ತದೆಂಬುದು ಮೊದಲನೆಯದು. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಯಾರೂ ನೋಡದ ಪ್ರಬಂಧವನ್ನು ಕದಿಯುವುದು ಸುಲಭ, ಏಕೆಂದರೆ ಹೋಲಿಸುವವರಿಲ್ಲ. ವರ್ಷ, ಹೆಸರು, ಶಾಶ್ವತ ಸಂಖ್ಯೆಗಳೊಡನೆ ಬಯಲಿನಲ್ಲಿ ನಿಂತಿರುವುದನ್ನು ಕದ್ದವನು ಬಯಲಿನಲ್ಲಿಯೇ ಸಿಕ್ಕಿಬೀಳುತ್ತಾನೆ. ಬರೆದವನ ಸ್ವಾಮ್ಯವೂ ಇದರಿಂದ ನಷ್ಟವಾಗದು. ಮೂಲ ಲೇಖಕನ ಹೆಸರನ್ನು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಆಧರಿಸಿ ಮಾಡಿದುದನ್ನು ಅದೇ ನಿಬಂಧನೆಯಲ್ಲಿ ಹಂಚಬೇಕು ಎಂಬ ಷರತ್ತಿನ ಮೇಲೆಯೇ ಶೋಧಗಂಗೆಯ ಪ್ರಬಂಧಗಳು ಓದಲು ದೊರೆಯುತ್ತವೆ.

ಭಂಡಾರದಲ್ಲಿರುವುದನ್ನು ಪ್ರಕಾಶಕರು ಮುದ್ರಿಸುವುದಿಲ್ಲವೆಂಬುದು ಎರಡನೆಯದು. ಇದರಲ್ಲಿ ಸ್ವಲ್ಪ ಸತ್ಯಾಂಶವಿದೆ. ಆದರೆ ಪರೀಕ್ಷಕರಿಗಾಗಿ ಬರೆದ ಪ್ರಬಂಧ ಬೇರೆ, ಓದುಗರಿಗಾಗಿ ತಿದ್ದಿ ಬೆಳೆಸಿದ ಗ್ರಂಥ ಬೇರೆ. ಪ್ರಬಂಧವನ್ನು ಅಕ್ಷರವೂ ಬದಲಿಸದೆ ಅಚ್ಚು ಹಾಕಿಸುವ ರೂಢಿಯಿಂದ ನಮ್ಮ ಗ್ರಂಥಲೋಕಕ್ಕೆ ಆದ ಉಪಕಾರವೂ ದೊಡ್ಡದಲ್ಲ. ಪುಸ್ತಕ ಸಿದ್ಧವಾಗುತ್ತಿದ್ದರೆ ಒಂದು ಗೊತ್ತಾದ ಅವಧಿಯವರೆಗೆ ಪ್ರಬಂಧವನ್ನು ಮರೆಯಲ್ಲಿಡುವ ಪದ್ಧತಿ ಜಗತ್ತಿನ ಅನೇಕ ಭಂಡಾರಗಳಲ್ಲಿದೆ. ಅವಧಿ ಮುಗಿದೊಡನೆ ಬಾಗಿಲು ತೆರೆಯಬೇಕು, ಅಷ್ಟೆ.

ಮೂರನೆಯ ಆಕ್ಷೇಪ ಸೂಕ್ಷ್ಮವಾದುದು. ಶರಣರ ಚರಿತ್ರೆಯನ್ನು ಕುರಿತ ವಾದವಿವಾದಗಳು ವಿದ್ವಾಂಸರ ನಡುವೆಯೇ ಇರಲಿ, ಸಾಮಾನ್ಯ ಭಕ್ತರ ಕೈಗೆ ಬಂದರೆ ಶ್ರದ್ಧೆ ಕದಡೀತು ಎನ್ನುವವರು ನಮ್ಮಲ್ಲಿಯೇ ಇದ್ದಾರೆ. ಇವರ ಕಳಕಳಿಯನ್ನು ಲಘುವಾಗಿ ಕಾಣಲಾಗದು. ಆದರೂ ವಿಚಾರಿಸಬೇಕು. ಕದಡುವುದು ಪೂರ್ಣ ಪ್ರಬಂಧವಲ್ಲ, ಪ್ರಬಂಧದಿಂದ ಕಿತ್ತು ತಂದ ಒಂದು ವಾಕ್ಯ. ಇಡೀ ಅಧ್ಯಾಯ ಓದಲು ಸಿಗದಿರುವಾಗಲೇ ಹೀಗಂತೆ ಹಾಗಂತೆ ಎಂಬ ಮಾತು ಊರು ಸುತ್ತುತ್ತದೆ. ಮುಂದೆ ಏನಿದೆ, ಹಿಂದೆ ಏನಿದೆ, ಆಧಾರವೇನು ಎಂದು ತೆರೆದು ನೋಡಲು ಬಂದರೆ ಭಕ್ತನೇ ಉತ್ತರ ಕೊಡಬಲ್ಲನು. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಯಾರನ್ನೂ ಪ್ರಶ್ನಿಸದೆ ಬಿಡಲಿಲ್ಲವೆಂದು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಸಿದ್ಧರಾಮರನ್ನೂ ಅಕ್ಕನನ್ನೂ ಒರೆಗೆ ಹಚ್ಚಿದ ಪರಂಪರೆಯವರು ಒಬ್ಬ ಪಿಎಚ್.ಡಿ. ಅಭ್ಯರ್ಥಿಯ ವಾದಕ್ಕೆ ಅಂಜಬೇಕಾಗಿಲ್ಲ. ಮುಚ್ಚಿಟ್ಟುದನ್ನು ಖಂಡಿಸಲೂ ಬಾರದು, ಮಂಡಿಸಲೂ ಬಾರದು.

ನಮ್ಮ ಮನೆಯ ಲೆಕ್ಕ

ವಿಶ್ವವಿದ್ಯಾಲಯಗಳಿಗೆ ಬುದ್ಧಿ ಹೇಳುವುದು ಸುಲಭ. ನಮ್ಮ ಮನೆಯ ಭಂಡಾರದ ಲೆಕ್ಕವನ್ನೂ ನೋಡಿಕೊಳ್ಳಬೇಕು. ಪಿಎಚ್.ಡಿ. ಪ್ರಬಂಧಗಳಿಗೆ ನಿಯಮದ ಒತ್ತಾಯವಿದೆ, ಹೇಗೋ ಬಂದು ಸೇರುತ್ತವೆ. ಬಿಡಿ ಲೇಖನಗಳ ಗತಿಯೇನು? ವಿಜ್ಞಾನ ಕ್ಷೇತ್ರದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಗಳು ತಮ್ಮ ಧನಸಹಾಯದಿಂದ ಬಂದ ಲೇಖನಗಳನ್ನು ಮುಕ್ತ ಭಂಡಾರದಲ್ಲಿ ಇಡಬೇಕೆಂದು 2014ರ ಡಿಸೆಂಬರಿನಲ್ಲಿ ನೀತಿ ರೂಪಿಸಿದವು. ಚಂದಾ ತೆತ್ತು ಓದಬೇಕಾದ ವಿದ್ವತ್ಪತ್ರಿಕೆಗಳಿಗಾಗಿ ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಮೂರು ವರ್ಷಗಳ ಅವಧಿಗೆ ಸುಮಾರು 6,000 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಅದರ ಪ್ರಯೋಜನ ಸರ್ಕಾರಿ ವಿದ್ಯಾಸಂಸ್ಥೆಗಳೊಳಗಿನ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ; ಹೊರಗಿನ ಓದುಗನಿಗಲ್ಲ. ವಚನಾಧ್ಯಯನದ ಸಾರವತ್ತಾದ ಲೇಖನಗಳಾದರೋ ಅಂಥ ದುಬಾರಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದವಲ್ಲ. ಅವು ಬಂದುದು ಮಠಗಳು ನಡೆಸಿದ ಮಾಸಪತ್ರಿಕೆಗಳಲ್ಲಿ, ಜಯಂತಿಯ ಸ್ಮರಣಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ. ಶಾಸನವೊಂದರ ಮರುಓದು, ಅಂಕಿತವೊಂದರ ನಿರ್ಣಯ, ಅಜ್ಞಾತ ಶರಣರೊಬ್ಬರ ಕಾಲವಿಚಾರ ಇಂಥವೆಲ್ಲ ಅಲ್ಲಿಯೇ ಮೊದಲು ಬೆಳಕು ಕಂಡವು. ಆ ಸಂಚಿಕೆಗಳು ಇಂದು ಎಲ್ಲಿವೆ? ಸಮಾರಂಭದ ದಿನ ಹಂಚಿದವು ಹಂಚಿಹೋದವು. ಉಳಿದವುಗಳಿಗೆ ಗೆದ್ದಲು ಹತ್ತಿದೆ.

ಈ ಕಾರ್ಯಕ್ಕೆ ಕೋಟಿಗಳು ಬೇಕಾಗಿಲ್ಲ. ಪ್ರಕಾಶಕರಾದ ಮಠಗಳು ಎರಡು ಮಾತಿನ ಒಪ್ಪಿಗೆಪತ್ರ ಪ್ರಕಟಿಸಿದರೆ ಅರ್ಧ ಕೆಲಸವಾದಂತೆ. ನಮ್ಮಲ್ಲಿ ಪ್ರಕಟವಾದ ಲೇಖನವನ್ನು ಲೇಖಕರು ತಮ್ಮ ವಿಶ್ವವಿದ್ಯಾಲಯದ ಭಂಡಾರಕ್ಕೆ ಒಪ್ಪಿಸಬಹುದು, ಪತ್ರಿಕೆಯ ಹೆಸರು ಸಂಪುಟ ಸಂಚಿಕೆಗಳನ್ನು ನಮೂದಿಸಿದರೆ ಸಾಕು ಎಂಬುದು ಒಂದು. ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಸಮೀಪದ ವಿಶ್ವವಿದ್ಯಾಲಯದ ಭಂಡಾರದೊಡನೆ ಹಂಚಿಕೊಳ್ಳುತ್ತೇವೆ ಎಂಬುದು ಇನ್ನೊಂದು. ಹಳೆಯ ಲೇಖಕರ ಬರಹಗಳಿಗೆ ವಾರಸುದಾರರ ಒಪ್ಪಿಗೆ ಬೇಕಾದಲ್ಲಿ ಕೇಳಿ ಪಡೆಯಬೇಕು. ಕಾಲವೇ ಬಿಡುಗಡೆ ಮಾಡಿದ ಬರಹಗಳೂ ಇವೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ ಸ್ವಾಮ್ಯ ಉಳಿಯುತ್ತದೆ. ಹಳಕಟ್ಟಿಯವರು ಲಿಂಗೈಕ್ಯರಾದುದು 1964ರ ಜೂನ್ 29ರಂದು. ಅಂದಮೇಲೆ ಅವರ ಸ್ವಂತ ಬರಹಗಳ ಸ್ವಾಮ್ಯ 2024ರ ಕೊನೆಗೆ ಮುಗಿದು, 2025ರ ಜನವರಿ 1ರಿಂದ ಅವು ಸಮಸ್ತರ ಸ್ವತ್ತಾಗಿವೆ. ಬದುಕಿದ್ದಾಗ ತಮ್ಮದೆಲ್ಲವನ್ನೂ ಸಮುದಾಯಕ್ಕೆ ಸಲ್ಲಿಸಿದವರ ಬರಹವನ್ನು ಈಗ ಕಾಯಿದೆಯೂ ಸಮುದಾಯಕ್ಕೇ ಸಲ್ಲಿಸಿದೆ. ಶಿವಾನುಭವದಲ್ಲಿನ ಅವರ ಲೇಖನಗಳನ್ನು ಒಂದೂ ಬಿಡದೆ, ಯೂನಿಕೋಡಿನಲ್ಲಿ, ವಿವರಸೂಚಿಸಹಿತ ಮುಕ್ತ ಭಂಡಾರದಲ್ಲಿ ಇಡುವುದಕ್ಕೆ ಇದಕ್ಕಿಂತ ಯೋಗ್ಯವಾದ ಕಾಲ ಇನ್ನೊಂದಿಲ್ಲ.

ಶಿಕ್ಷಕ ವೃತ್ತಿಯಿಂದ ನಿವೃತ್ತರಾದ ನನ್ನಂಥವರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ವಚನಗಳ ಪರಿಚಯವಿದೆ, ಪಾಠಭೇದ ಗುರುತಿಸುವ ಕಣ್ಣಿದೆ, ಸಮಯವಿದೆ. ಯಂತ್ರ ಓದಿ ತಪ್ಪಾಗಿ ಅಚ್ಚಿಳಿಸಿದ ಒತ್ತಕ್ಷರವನ್ನು ತಿದ್ದುವ ಕೆಲಸಕ್ಕೆ ಇಂಥವರಿಗಿಂತ ತಕ್ಕವರು ಯಾರು? ಸಂಶೋಧಕರು ತಮ್ಮ ಪ್ರಬಂಧದಲ್ಲಿ ಉದ್ಧರಿಸಿದ ಪ್ರತಿಯೊಂದು ವಚನಕ್ಕೂ ಆವೃತ್ತಿ ಮತ್ತು ಸಂಖ್ಯೆ ಕೊಡಲಿ. ಗ್ರಂಥಪಾಲಕರು ಶೀರ್ಷಿಕೆಯನ್ನು ಕನ್ನಡದಲ್ಲಿಯೂ ಬರೆಯಲಿ. ಮಠಗಳು ತಮ್ಮ ಕಪಾಟಿನ ಬೀಗದ ಕೈ ಕೊಡಲಿ. ತಿದ್ದುವ ಕಾಯಕವನ್ನು ನಾವು ಮಾಡುತ್ತೇವೆ. ಕಲ್ಯಾಣದಲ್ಲಿ ಒಬ್ಬ ಶಾಂತರಸರಿದ್ದರು. ಇಂದಿನ ಭಂಡಾರ ದೊಡ್ಡದು, ಅದಕ್ಕೆ ಊರಿಗೊಬ್ಬ ಶಾಂತರಸರು ಬೇಕು.